ಅರಳುಮರಳೂ ಅದರ ಔಷಧಗಳೂ

ಮನೆಯ ಹಿರಿಯರೊಬ್ಬರು ಮರೆಯತೊಡಗಿದರೆ, ಅರವತ್ತಕ್ಕೆ ಅರಳುಮರಳೆಂದು ನುಡಿದು ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆಯಷ್ಟೆ. ಈ ವಾಡಿಕೆಯಿಂದ ಕೇಡುಂಟು. ಪರಿಚಿತರ ಹೆಸರು ಥಟ್ಟನೆ ನಾಲಗೆಗೆ ಬಾರದಿರುವುದು ಮುಪ್ಪಿನ ಸಹಜ ಲಕ್ಷಣವಾಗಿರಬಹುದು. ಉಂಡು ಕೈತೊಳೆದ ಗಳಿಗೆಯಲ್ಲಿಯೇ ಊಟವಾಗಲಿಲ್ಲವೆನ್ನುವುದೂ, ನಾಲ್ವತ್ತು ವರ್ಷ ನಡೆದಾಡಿದ ಬೀದಿಯಲ್ಲಿ ದಾರಿ ತಪ್ಪುವುದೂ ಹಾಗಲ್ಲ. ಅವು ರೋಗದ ಚಿಹ್ನೆಗಳು.

೧೯೦೧ನೆಯ ಇಸವಿಯಲ್ಲಿ ಜರ್ಮನಿ ದೇಶದ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಔಗುಸ್ಟೆ ಡೇಟರ್ ಎಂಬ ೫೧ ವರ್ಷದ ಗೃಹಿಣಿಯನ್ನು ಕರೆತಂದರು. ಆಲೋಯಿಸ್ ಆಲ್ಜೈಮರ್ ಎಂಬ ವೈದ್ಯರು ಹೆಸರು ಕೇಳಿದರೆ ಔಗುಸ್ಟೆ ಎಂದಳು. ಗಂಡನ ಹೆಸರು ಕೇಳಿದರೂ ಅದನ್ನೇ ಹೇಳಿದಳು. ೧೯೦೬ರಲ್ಲಿ ಆಕೆ ತೀರಿಕೊಂಡ ಮೇಲೆ ಆ ವೈದ್ಯರು ಆಕೆಯ ಮಿದುಳಿನ ತೆಳುಹೋಳುಗಳಿಗೆ ಬೆಳ್ಳಿಯ ಲವಣದಿಂದ ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ೧೯೧೦ರಲ್ಲಿ ಕ್ರೇಪೆಲಿನ್ ಎಂಬ ಪಂಡಿತರು ಈ ರೋಗಕ್ಕೆ ಆಲ್ಜೈಮರರ ಹೆಸರನ್ನೇ ಇಟ್ಟರು.

ಅವರು ಕಂಡುದು ಎರಡು ಬಗೆಯ ವಿಕಾರ. ನರಕಣಗಳ ಹೊರಗೆ ಈಗ ನಾವು ಅಮಿಲಾಯ್ಡ್ ಎನ್ನುವ ಪ್ರೋಟೀನಿನ ಗಂಟುಗಳು; ಕಣಗಳ ಒಳಗೆ ಟೌ ಎಂಬ ಪ್ರೋಟೀನಿನ ಎಳೆಗಳು, ಸಿಕ್ಕುಬಿದ್ದ ನೂಲಿನಂತೆ. ಅಮಿಲಾಯ್ಡ್ ಶೇಖರವಾಗುವುದು ಮರೆವು ಕಾಣುವುದಕ್ಕೆ ಹತ್ತಿಪ್ಪತ್ತು ವರ್ಷ ಮೊದಲೇ ಆರಂಭವಾಗುತ್ತದೆ. ಹೊಸ ನೆನಪುಗಳನ್ನು ಕೂಡಿಡುವ ಭಾಗಕ್ಕೆ ಹಾನಿ ಬೇಗನೆ ತಟ್ಟುತ್ತದೆ. ಆದುದರಿಂದಲೇ ಬೆಳಗಿನ ತಿಂಡಿಯನ್ನು ಮರೆತ ಅಜ್ಜಿ ತನ್ನ ಮದುವೆಯ ಹಸೆಯ ಹಾಡನ್ನು ತಪ್ಪಿಲ್ಲದೆ ಹೇಳುವಳು. ಇದನ್ನು ಕಂಡು ಮುದುಕಿ ಬೇಕೆಂದೇ ನಟಿಸುತ್ತಾಳೆಂದು ಮುನಿಯುವ ಸೊಸೆಯಂದಿರುಂಟು, ಗಂಡುಮಕ್ಕಳೂ ಉಂಟು.

ಮರೆವೆಲ್ಲವೂ ಆಲ್ಜೈಮರ್ ರೋಗವಲ್ಲ. ಮಿದುಳಿನ ರಕ್ತನಾಳಗಳು ಕಟ್ಟಿಕೊಂಡು ಬುದ್ಧಿ ಕುಂದುವುದುಂಟು. ಲೂಯಿ ಎಂಬ ವಿಜ್ಞಾನಿಯ ಹೆಸರಿನ ಕಣಿಕೆಗಳಿಂದುಂಟಾಗುವ ಬಗೆಯಲ್ಲಿ ಇಲ್ಲದ ಮನುಷ್ಯರು ಕಾಣುತ್ತಾರೆ, ಮೈ ಬಿಗಿಯುತ್ತದೆ; ಇಂಥವರಿಗೆ ಹ್ಯಾಲೊಪೆರಿಡಾಲ್ ಮುಂತಾದ ಚಿತ್ತಭ್ರಮೆಯ ಮದ್ದುಗಳು ಪ್ರಾಣಕ್ಕೇ ಅಪಾಯ ತರಬಹುದು. ಬಿ-೧೨ ಜೀವಸತ್ತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಜಾರಿಬಿದ್ದ ಪೆಟ್ಟಿನಿಂದ ತಲೆಬುರುಡೆಯೊಳಗೆ ನಿಂತ ರಕ್ತ, ಇವುಗಳಿಂದಾದ ಮರೆವಾದರೋ ಬೇಗನೆ ಕಂಡುಹಿಡಿದರೆ ಬಹುಮಟ್ಟಿಗೆ ವಾಸಿಯಾಗಬಹುದು. ಆದಕಾರಣ ಮೊದಲು ರಕ್ತಪರೀಕ್ಷೆ, ತಲೆಯ ಚಿತ್ರ, ಆಮೇಲೆ ಗುಳಿಗೆ.

ಇನ್ನು ಔಷಧದ ಮಾತು. ಒಂದು ನರಕಣವು ಮತ್ತೊಂದಕ್ಕೆ ಸುದ್ದಿ ಮುಟ್ಟಿಸಲು ಅಸೆಟೈಲ್‌ಕೋಲಿನ್ ಎಂಬ ದ್ರವ್ಯವನ್ನು ಬಳಸುತ್ತದೆ. ಆಲ್ಜೈಮರ್ ರೋಗದಲ್ಲಿ ಇದು ಕಡಮೆಯಾಗುವುದೆಂದು ೧೯೭೦ರ ದಶಕದಲ್ಲಿ ಗೊತ್ತಾಯಿತು. ಅದನ್ನು ಒಡೆದುಹಾಕುವ ಕಿಣ್ವವನ್ನು ತಡೆಯುವುದೇ ೧೯೯೬ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡೊನೆಪೆಜಿಲ್ ಗುಳಿಗೆಯ ಕೆಲಸ. ಕೆರೆಗೆ ಬರುವ ನೀರು ತಗ್ಗಿದಾಗ ತೂಬನ್ನು ಬಿಗಿದಂತೆ ಇದು. ಕೆಲಕಾಲ ನೀರು ನಿಲ್ಲುತ್ತದೆ. ಊಟೆ ಬತ್ತುವುದು ಮಾತ್ರ ನಿಲ್ಲುವುದಿಲ್ಲ. ಕೆಲವರಿಗೆ ಓಕರಿಕೆ, ಭೇದಿ, ಕೆಟ್ಟ ಕನಸು, ನಾಡಿ ನಿಧಾನವಾಗುವುದು ಇವೂ ಉಂಟು. ರೋಗ ಬಲಿತವರಿಗೆ ಮೆಮಾಂಟಿನ್ ಎಂಬ ಬೇರೊಂದು ಮದ್ದನ್ನು ಕೊಡುವರು.

ಅಮಿಲಾಯ್ಡನ್ನೇ ತೊಳೆಯುವ ಲೆಕಾನೆಮಾಬ್ ಎಂಬ ಔಷಧಕ್ಕೆ ೨೦೨೩ರಲ್ಲಿ ಅಮೆರಿಕ ಪೂರ್ಣ ಅನುಮತಿ ಕೊಟ್ಟಿತು. ಆರಂಭದ ಹಂತದಲ್ಲಿದ್ದ ೧,೭೯೫ ರೋಗಿಗಳ ಮೇಲೆ ೧೮ ತಿಂಗಳು ನಡೆದ ಪರೀಕ್ಷೆಯಲ್ಲಿ ಇಳಿತದ ವೇಗವು ಶೇಕಡ ೨೭ರಷ್ಟು ತಗ್ಗಿತು. ಕೇಳುವುದಕ್ಕೆ ದೊಡ್ಡದಾದರೂ ೧೮ ಅಂಕಗಳ ಅಳತೆಯಲ್ಲಿ ಈ ಅಂತರ ಅರ್ಧ ಅಂಕಕ್ಕೂ ಕಡಮೆ. ಕೆಲವರಿಗೆ ಮಿದುಳು ಊದುವುದೂ ಅಲ್ಲಿ ರಕ್ತ ಸೋರುವುದೂ ಕಂಡುಬಂದಿದೆ. ಹೊಲ ಮಾರಿ ಇದನ್ನು ತರಿಸಬೇಕೆನ್ನುವವರು ಈ ಎರಡು ಮಾತನ್ನೂ ತೂಗಿನೋಡಬೇಕು.

ಇದಕ್ಕಿಂತ ನಮ್ಮ ಕೈಯಲ್ಲಿರುವ ವಿಚಾರವೊಂದುಂಟು. ನೆಗಡಿಗೋ ತುರಿಕೆಗೋ ನಿದ್ರೆಗೋ ಕೊಡುವ ಡೈಫೆನ್‌ಹೈಡ್ರಮಿನ್, ಮೂತ್ರದ ಆತುರಕ್ಕೆ ಕೊಡುವ ಆಕ್ಸಿಬುಟಿನಿನ್ ಇವು ಅದೇ ಅಸೆಟೈಲ್‌ಕೋಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ. ಒಂದೇ ಮನೆಯಲ್ಲಿ ರಾತ್ರಿ ಡೊನೆಪೆಜಿಲ್ಲನ್ನೂ ಇವುಗಳನ್ನೂ ಒಟ್ಟಿಗೆ ನುಂಗಿಸುವುದು ತೂಬನ್ನು ಬಿಗಿದು ಏರಿಯನ್ನು ಒಡೆದಂತೆ. ವೈದ್ಯರಲ್ಲಿಗೆ ಹೋಗುವಾಗ ಅಂಗಡಿಯಿಂದ ಚೀಟಿಯಿಲ್ಲದೆ ತಂದ ಗುಳಿಗೆಗಳನ್ನೂ ಸೇರಿಸಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಬೇಕು. ಅವರು ಹೇಳುವವರೆಗೆ ಯಾವುದನ್ನೂ ತಾವಾಗಿ ನಿಲ್ಲಿಸಕೂಡದು.