ಲಿವರ್ ರೈಫಲ್ ಪ್ರತಿಕೃತಿಗಳಲ್ಲಿ ತೋಟಾ ಸಾಗಣೆ ಮತ್ತು ಘರ್ಷಣೆಯ ದೋಷಗಳು

ಲಿವರ್ ರೈಫಲ್ ಎಂಬುದು ಟ್ರಿಗರಿನ ಸುತ್ತಲಿರುವ ಸನ್ನೆಯನ್ನು (ಲಿವರ್) ಕೆಳಕ್ಕೆ ಒತ್ತಿ ಮತ್ತೆ ಮೇಲಕ್ಕೆ ಎಳೆಯುವುದರಿಂದ ಖಾಲಿ ತೋಟಾವನ್ನು ಹೊರಹಾಕಿ ಹೊಸ ತೋಟಾವನ್ನು ನಳಿಗೆಗೆ ಸೇರಿಸುವ ಬಂದೂಕು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಇದು ಅಮೆರಿಕದಲ್ಲಿ ಪ್ರಚಾರಕ್ಕೆ ಬಂದಿತು. ಹಳೆಯ ಮಾದರಿಗಳನ್ನು ಅನುಸರಿಸಿ ಇಂದು ತಯಾರಾಗುವ ರೈಫಲ್‌ಗಳನ್ನು ಪ್ರತಿಕೃತಿಗಳೆಂದು ಕರೆಯುತ್ತಾರೆ. ಹೆಸರು ಪ್ರತಿಕೃತಿಯಾದರೂ ಇವು ಆಟಿಕೆಗಳಲ್ಲ. ಗುಂಡು ಹಾರಿಸಬಲ್ಲ ನಿಜವಾದ ಆಯುಧಗಳು. ಇವುಗಳಲ್ಲಿ ಹೆಚ್ಚಾಗಿ ಕಂಡುಬರುವ ತೊಂದರೆಗಳು ಎರಡು: ತೋಟಾ ಸರಿಯಾಗಿ ಸಾಗದಿರುವುದು ಮತ್ತು ಸನ್ನೆ ಬಿಗಿಯಾಗಿ ಚಲಿಸುವುದು. ಇವೆರಡೂ ಹೊರನೋಟಕ್ಕೆ ಒಂದೇ ರೀತಿಯಲ್ಲಿ ತೋರಿದರೂ ಕಾರಣಗಳು ಬೇರೆ. ಮೊದಲನೆಯದು ಬಹುಮಟ್ಟಿಗೆ ಅಳತೆಯ ದೋಷ, ಎರಡನೆಯದು ಮೇಲ್ಮೈಯ ದೋಷ. ಎರಡಕ್ಕೂ ತೋಳಿನ ಬಲ ಪರಿಹಾರವಲ್ಲ.

ಹಿನ್ನೆಲೆ

ಬೆಂಜಮಿನ್ ಟೈಲರ್ ಹೆನ್ರಿ ರೂಪಿಸಿದ 1860ರ ಹೆನ್ರಿ ರೈಫಲ್ ಈ ಪರಂಪರೆಯ ಮೊದಲ ಯಶಸ್ವಿ ಮಾದರಿ. ಅದರಿಂದ ವಿಂಚೆಸ್ಟರ್ ಸಂಸ್ಥೆಯ 1866 ಮತ್ತು 1873ರ ಮಾದರಿಗಳು ಬೆಳೆದವು. ಜಾನ್ ಬ್ರೌನಿಂಗ್ 1892ರ ಮಾದರಿಯನ್ನು ಬೇರೆಯೇ ರಚನೆಯಲ್ಲಿ ರೂಪಿಸಿದನು. ಇವುಗಳ ಪ್ರತಿಕೃತಿಗಳನ್ನು ತಯಾರಿಸುವವರಲ್ಲಿ ಇಟಲಿಯ ಗಾರ್ದೋನೆ ವಾಲ್ ಟ್ರೋಂಪಿಯಾ ಪಟ್ಟಣದ ಉಬೆರ್ಟಿ ಸಂಸ್ಥೆ ಪ್ರಸಿದ್ಧವಾದುದು. ಹಳೆಯ ಪಶ್ಚಿಮ ಅಮೆರಿಕದ ವೇಷಭೂಷಣದೊಡನೆ ನಡೆಯುವ ಗುರಿ ಸ್ಪರ್ಧೆಗಳಲ್ಲಿ 1873ರ ಪ್ರತಿಕೃತಿಗೆ ಬೇಡಿಕೆ ಹೆಚ್ಚು. ಅಲ್ಲಿ ಸನ್ನೆಯನ್ನು ಅತಿ ವೇಗವಾಗಿ ಆಡಿಸುವುದರಿಂದ ಸಣ್ಣ ದೋಷಗಳೂ ಬೇಗನೆ ಬೆಳಕಿಗೆ ಬರುತ್ತವೆ.

ಕಾರ್ಯವಿಧಾನ

ನಳಿಗೆಯ ಕೆಳಗೆ ಅದಕ್ಕೆ ಸಮಾನಾಂತರವಾಗಿ ಒಂದು ಕೊಳವೆ ಇರುತ್ತದೆ. ಇದೇ ಮ್ಯಾಗಜಿನ್. ತೋಟಾಗಳು ಅದರಲ್ಲಿ ಒಂದರ ಹಿಂದೆ ಒಂದು ಸಾಲಾಗಿ ನಿಲ್ಲುತ್ತವೆ. ಕೊಳವೆಯ ಮುಂತುದಿಯ ಸ್ಪ್ರಿಂಗ್ ಅವುಗಳನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. 1873ರ ಮಾದರಿಯಲ್ಲಿ ಕಡೆಯ ತೋಟಾ ಕ್ಯಾರಿಯರ್ ಎಂಬ ಲೋಹದ ಗಟ್ಟಿಯೊಳಗೆ ಬಂದು ಕೂರುತ್ತದೆ. ಸನ್ನೆಯನ್ನು ಕೆಳಕ್ಕೆ ಒತ್ತಿದಾಗ ಮೊಣಕೈಯಂತೆ ಮಡಚಿಕೊಳ್ಳುವ ಕೊಂಡಿಗಳು ಬೋಲ್ಟನ್ನು ಹಿಂದಕ್ಕೆಳೆಯುತ್ತವೆ. ಖಾಲಿ ತೋಟಾ ಹೊರಬರುತ್ತದೆ, ಹ್ಯಾಮರ್ ಹೂಡಿಕೊಳ್ಳುತ್ತದೆ. ಒತ್ತುವಿಕೆಯ ಕೊನೆಯ ಹಂತದಲ್ಲಿ ಕ್ಯಾರಿಯರ್ ಬಾವಿಯ ಕೊಡದಂತೆ ನೇರವಾಗಿ ಮೇಲೇಳುತ್ತದೆ. ಸನ್ನೆಯನ್ನು ಮರಳಿ ಎಳೆದಾಗ ಬೋಲ್ಟ್ ಹೊಸ ತೋಟಾವನ್ನು ನಳಿಗೆಯ ಹಿಂಭಾಗದ ಕೋಣೆಗೆ ತಳ್ಳುತ್ತದೆ, ಕ್ಯಾರಿಯರ್ ಕೆಳಗಿಳಿಯುತ್ತದೆ.

ತೋಟಾ ಸಾಗಣೆಯ ದೋಷಗಳು

ಮೇಲಿನ ರಚನೆಯಲ್ಲಿ ಮ್ಯಾಗಜಿನ್ನಿನ ಬಾಯನ್ನು ಮುಚ್ಚುವ ಪ್ರತ್ಯೇಕ ಬಾಗಿಲಿಲ್ಲ. ಕ್ಯಾರಿಯರಿನಲ್ಲಿ ಕುಳಿತ ತೋಟಾದ ಮೂತಿಯೇ ಹಿಂದಿನಿಂದ ಬರುವ ತೋಟಾವನ್ನು ಕೊಳವೆಯೊಳಗೆ ತಡೆದು ನಿಲ್ಲಿಸುತ್ತದೆ. ಆದುದರಿಂದ ತೋಟಾದ ಒಟ್ಟು ಉದ್ದ ಇಲ್ಲಿ ನಿರ್ಣಾಯಕವಾದುದು. ಉದ್ದ ಮಿತಿಮೀರಿದರೆ ಮೂತಿಯು ಕೊಳವೆಯೊಳಗೆ ಚಾಚಿಕೊಂಡು ಕ್ಯಾರಿಯರ್ ಮೇಲೇಳುವುದಿಲ್ಲ. ಉದ್ದ ಕಡಿಮೆಯಾದರೆ ಮುಂದಿನ ತೋಟಾದ ಅಂಚು ಕ್ಯಾರಿಯರಿನೊಳಕ್ಕೆ ನುಸುಳಿ ಮೇಲೇಳುವ ಗಟ್ಟಿಗೆ ಅಡ್ಡವಾಗುತ್ತದೆ. ಅಲ್ಪಸ್ವಲ್ಪ ನುಸುಳಿದ ಅಂಚನ್ನು ಕ್ಯಾರಿಯರಿನ ಓರೆ ಮೂಲೆಯು ಹಿಂದಕ್ಕೆ ಸರಿಸಬಲ್ಲದು. ಅದಕ್ಕಿಂತ ಹೆಚ್ಚಾದರೆ ಸನ್ನೆ ಅರ್ಧದಲ್ಲಿಯೇ ನಿಲ್ಲುತ್ತದೆ.

.357 ಮ್ಯಾಗ್ನಮ್ ತೋಟಾದ ಗರಿಷ್ಠ ಉದ್ದ ಸುಮಾರು 40.4 ಮಿಲಿಮೀಟರ್, ಅದೇ ನಳಿಗೆಯಲ್ಲಿ ಬಳಸಬಹುದಾದ.38 ಸ್ಪೆಷಲ್ ತೋಟಾದ್ದು ಸುಮಾರು 39.4 ಮಿಲಿಮೀಟರ್. ನಳಿಗೆ ಎರಡನ್ನೂ ಒಪ್ಪಿಕೊಂಡರೂ ಕ್ಯಾರಿಯರ್ ಎರಡನ್ನೂ ಒಂದೇ ರೀತಿ ಒಪ್ಪಿಕೊಳ್ಳುವುದೆಂದು ಹೇಳಲಾಗದು. ಒಂದು ಬಗೆಯ ತೋಟಾದಿಂದ ಸಿಕ್ಕಿಕೊಳ್ಳುವ ಬಂದೂಕು ಇನ್ನೊಂದು ಬಗೆಯದರಿಂದ ಸುಗಮವಾಗಿ ನಡೆದರೆ ದೋಷ ಬಂದೂಕಿನದಲ್ಲ, ತೋಟಾದ್ದೆಂದು ತಿಳಿಯಬೇಕು.

ಇತರ ಕಾರಣಗಳು ಇವು: ಕೊಳವೆಯಲ್ಲಿ ತುಕ್ಕು ಅಥವಾ ನಗ್ಗು, ದುರ್ಬಲವಾದ ಇಲ್ಲವೆ ಬಾಗಿದ ಸ್ಪ್ರಿಂಗ್, ತೋಟಾದ ಅಂಚನ್ನು ಹಿಡಿದೆಳೆಯುವ ಕೊಕ್ಕೆಯಲ್ಲಿನ ಕೊಳೆ. 1892ರ ಮಾದರಿಯಲ್ಲಿ ಕ್ಯಾರಿಯರ್ ನೇರವಾಗಿ ಏಳದೆ ಓರೆಯಾಗಿ ಏಳುತ್ತದೆ. ಅಲ್ಲಿ ಎರಡೂ ಬದಿಯ ಮಾರ್ಗದರ್ಶಕ ಪಟ್ಟಿಗಳು ಸಡಿಲವಾದರೆ ತೋಟಾ ದಾರಿ ತಪ್ಪುತ್ತದೆ.

ಘರ್ಷಣೆಯ ದೋಷಗಳು

ತೋಟಾ ಇಲ್ಲದಾಗಲೂ ಸನ್ನೆ ಬಿಗಿಯಾಗಿದ್ದರೆ ಕಾರಣವನ್ನು ಘರ್ಷಣೆಯಲ್ಲಿ ಹುಡುಕಬೇಕು. ಹೊಸ ಪ್ರತಿಕೃತಿಗಳಲ್ಲಿ ಯಂತ್ರದ ಗೆರೆಗಳೂ ಅಂಚುಗಳ ಸಣ್ಣ ಮುಳ್ಳುಗಳೂ ಉಳಿದಿರುವುದುಂಟು. ಸನ್ನೆಯನ್ನೂ ಕ್ಯಾರಿಯರ್ ಎತ್ತುವ ತೋಳನ್ನೂ ಒತ್ತಿಹಿಡಿಯುವ ಪಟ್ಟಿ ಸ್ಪ್ರಿಂಗ್‌ಗಳು ಅಗತ್ಯಕ್ಕಿಂತ ಗಡುಸಾಗಿರಬಹುದು. ಹ್ಯಾಮರಿನ ಸ್ಪ್ರಿಂಗ್ ಗಡುಸಾಗಿದ್ದರೆ ಸನ್ನೆಯನ್ನು ತೆರೆಯುವಾಗ, ಹ್ಯಾಮರ್ ಹಿಂದಕ್ಕೆ ಸರಿಯುವ ಹಂತದಲ್ಲಿ ಭಾರ ತೋರುತ್ತದೆ.

ಕರಿಮದ್ದಿನ ಬಳಕೆ ಮತ್ತೊಂದು ಕಾರಣ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದಲ್ಲಿಯೇ ಉಳಿಯುತ್ತದೆ. ಈ ಶೇಷವು ಗಾಳಿಯ ತೇವವನ್ನು ಹೀರಿ ಲೋಹವನ್ನು ತಿನ್ನುತ್ತದೆ. .44-40 ತೋಟಾದ ತೆಳುವಾದ ಬಾಯಿ ಉಬ್ಬಿ ಕೋಣೆಯ ಗೋಡೆಗೆ ಅಂಟಿಕೊಳ್ಳುವುದರಿಂದ ಹೊಗೆ ಹಿಂದಕ್ಕೆ ಬರುವುದು ಕಡಿಮೆ, ದಪ್ಪ ಬಾಯಿಯ.45 ಕೋಲ್ಟ್ ತೋಟಾದಲ್ಲಿ ಕೊಳೆ ಯಂತ್ರಭಾಗಕ್ಕೆ ನುಗ್ಗುವುದು ಹೆಚ್ಚು. ಕರಿಮದ್ದಿನ ಶೇಷವನ್ನು ನೀರು ಕರಗಿಸುತ್ತದೆ. ನೀರಿನಿಂದ ತೊಳೆದು, ಪೂರ್ಣ ಒಣಗಿಸಿ, ಆನಂತರ ತೆಳುವಾಗಿ ಎಣ್ಣೆ ಸವರುವುದು ಕ್ರಮ. ಅತಿಯಾದ ಎಣ್ಣೆ ಧೂಳನ್ನೂ ಮಸಿಯನ್ನೂ ಹಿಡಿದಿಟ್ಟುಕೊಂಡು ತಾನೇ ಘರ್ಷಣೆಗೆ ಕಾರಣವಾಗುತ್ತದೆ.

ಪರೀಕ್ಷೆಯ ಕ್ರಮ

ಮೊದಲು ಬಂದೂಕನ್ನು ಬರಿದು ಮಾಡಿ ಕೋಣೆ, ಕ್ಯಾರಿಯರ್, ಕೊಳವೆ ಈ ಮೂರನ್ನೂ ಕಣ್ಣಾರೆ ನೋಡಬೇಕು. ಕೊಳವೆಯೊಳಗೆ ಸಿಕ್ಕಿಕೊಂಡ ಒಂದು ತೋಟಾ ಹೊರಗೆ ಕಾಣದೆ ಉಳಿಯಬಹುದು. ಮುಂದಿನ ಪರೀಕ್ಷೆಯನ್ನು ಮದ್ದಾಗಲಿ ಪ್ರೈಮರ್ ಆಗಲಿ ಇಲ್ಲದ ಅಣಕು ತೋಟಾಗಳಿಂದ ಮಾತ್ರ ನಡೆಸಬೇಕು. ಸನ್ನೆಯನ್ನು ನಿಧಾನವಾಗಿ ಆಡಿಸಿ ಅದು ಯಾವ ಹಂತದಲ್ಲಿ ನಿಲ್ಲುತ್ತದೆಂದು ಗಮನಿಸಿದರೆ ಕಾರಣದ ಸುಳಿವು ದೊರೆಯುತ್ತದೆ. ಕ್ಯಾರಿಯರ್ ಏಳಲು ತೊಡಗುವಾಗ ನಿಂತರೆ ತೋಟಾದ ಉದ್ದವನ್ನು, ಮುಚ್ಚುವಾಗ ಕೊನೆಯಲ್ಲಿ ನಿಂತರೆ ಕೋಣೆಯ ಕೊಳೆ ಇಲ್ಲವೆ ತೋಟಾದ ಉಬ್ಬನ್ನು, ಖಾಲಿಯಿದ್ದಾಗಲೂ ಬಿಗಿಯಾದರೆ ಸ್ಪ್ರಿಂಗ್ ಮತ್ತು ಮೇಲ್ಮೈಗಳನ್ನು ಶಂಕಿಸಬೇಕು.

ಸ್ಪ್ರಿಂಗನ್ನು ತೆಳುಮಾಡುವುದು, ಭಾಗಗಳನ್ನು ಉಜ್ಜುವುದು ಬಲ್ಲ ಕುಶಲಕರ್ಮಿಯ ಕೆಲಸ. ತೇಯ್ದ ಲೋಹ ಮರಳಿ ಬರುವುದಿಲ್ಲ. ಹ್ಯಾಮರಿನ ಸ್ಪ್ರಿಂಗ್ ಅತಿಯಾಗಿ ಮೆದುವಾದರೆ ಪ್ರೈಮರ್ ಹೊತ್ತದೆ ಹೋಗುತ್ತದೆ.

ಅಪಾಯಗಳು

ಸಾಲಾಗಿ ನಿಂತ ತೋಟಾಗಳಲ್ಲಿ ಒಂದರ ಮೂತಿ ಅದರ ಮುಂದಿನದರ ಪ್ರೈಮರಿಗೆ ತಾಗಿಕೊಂಡಿರುತ್ತದೆ. ಗಡುಸಾದ ಚೂಪು ಮೂತಿಯ ಗುಂಡು ಆಘಾತದಿಂದ ಪ್ರೈಮರನ್ನು ಹೊತ್ತಿಸಿ ಕೊಳವೆಯೊಳಗೇ ಸ್ಫೋಟವಾಗಬಹುದು. ಆದುದರಿಂದ ಈ ರೈಫಲ್‌ಗಳಲ್ಲಿ ಚಪ್ಪಟೆ ಮೂತಿಯ ಗುಂಡುಗಳು ರೂಢಿಯಲ್ಲಿವೆ. ಇದೇ ಕಾರಣದಿಂದ ಸಿಕ್ಕಿಕೊಂಡ ತೋಟಾವನ್ನು ಸಲಾಕೆಯಿಂದ ಮೀಟುವುದಾಗಲಿ, ಸನ್ನೆಯನ್ನು ಬಡಿದು ಮುಚ್ಚುವುದಾಗಲಿ ಪ್ರಾಣಾಪಾಯಕಾರಿ. 1873ರ ಮಾದರಿಯಲ್ಲಿ ಸನ್ನೆ ಪೂರ್ತಿ ಮುಚ್ಚುವವರೆಗೆ ಟ್ರಿಗರನ್ನು ತಡೆಯುವ ಒಂದು ಕೀಲಿದೆ, ಅದನ್ನು ತೆಗೆದುಹಾಕಬಾರದು.

ಕರ್ನಾಟಕದಲ್ಲಿ

ಭಾರತದಲ್ಲಿ ಗುಂಡು ಹಾರಿಸಬಲ್ಲ ಪ್ರತಿಕೃತಿಯೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಕರ್ನಾಟಕದಲ್ಲಿ ಬಂದೂಕಿನ ಪಾಲನೆ ಸಂಪ್ರದಾಯದ ಅಂಗವಾಗಿ ಉಳಿದಿರುವುದು ಕೊಡಗಿನಲ್ಲಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಶುಚಿಗೊಳಿಸಿ, ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಅಲ್ಲಿ ಸಾಮಾನ್ಯವಾದ ಒಂಟಿ ಹಾಗೂ ಜೋಡಿ ನಳಿಗೆಯ ಕೋವಿಗಳಿಗೆ ತೋಟಾವನ್ನು ಕೈಯಿಂದಲೇ ತುಂಬುವುದರಿಂದ ಕ್ಯಾರಿಯರಿನ ತೊಡಕುಗಳಿಲ್ಲ. ಆದರೆ ಮಳೆಗಾಲದ ತೇವ, ತುಕ್ಕು ಮತ್ತು ಕೊಳೆಯ ಸಮಸ್ಯೆ ಎರಡು ಬಗೆಯ ಬಂದೂಕುಗಳಿಗೂ ಸಮಾನ.