ಸ್ಪೀಕರಿನ ತಂತಿ

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಕೈಗಾರಿಕಾ ಪ್ರದೇಶವೆಂದು ಹೆಸರಾದ ಊರು. ಹಗಲೆಲ್ಲ ಯಂತ್ರಗಳ ಸದ್ದಿನ ನಡುವೆ ದುಡಿದವರಿಗೆ ಸಂಜೆ ಮನೆಯಲ್ಲಿ ನಾಲ್ಕು ಹಾಡು ಕೇಳುವ ಹಂಬಲ ಸಹಜ. ಸ್ಟೀರಿಯೊ ಕೊಳ್ಳುವವರು ಆಂಪ್ಲಿಫೈಯರನ್ನೂ ಸ್ಪೀಕರುಗಳನ್ನೂ ಹತ್ತು ಕಡೆ ವಿಚಾರಿಸಿ ಆರಿಸುತ್ತಾರೆ. ಅವುಗಳನ್ನು ಕೂಡಿಸುವ ತಂತಿಯ ವಿಷಯದಲ್ಲಿ ಮಾತ್ರ ಮಾರುವವನ ಮಾತೇ ವೇದವಾಕ್ಯ. ಬೆಲೆ ಹೆಚ್ಚಿದಷ್ಟೂ ಇಂಪು ಹೆಚ್ಚುವುದೆಂದು ನಂಬಿ ತಿಂಗಳ ಸಂಪಾದನೆಯನ್ನು ತಂತಿಗೆ ಸುರಿಯುವವರುಂಟು. ಕೈಗೆ ಸಿಕ್ಕಿದ್ದನ್ನು ಕಟ್ಟಿ ಯಂತ್ರವನ್ನೇ ಕೆಡಿಸಿಕೊಳ್ಳುವವರೂ ಉಂಟು.

ಹಾಗಾದರೆ ಯಾವ ಮಾತನ್ನು ನಂಬಬೇಕು? ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಡಾ. ಎಚ್. ನರಸಿಂಹಯ್ಯನವರು ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದರು. ಪರೀಕ್ಷಿಸದೆ ಒಪ್ಪಬಾರದೆಂಬ ಆ ಮನೋಧರ್ಮ ಪವಾಡಗಳಿಗೆ ಮಾತ್ರ ಮೀಸಲಲ್ಲ. ಅಂಗಡಿಯ ಮುಂದೆ ನಿಂತವರಿಗೂ ಅದು ಬೇಕು.

ತಂತಿಯಲ್ಲಿ ಪರೀಕ್ಷಿಸಬೇಕಾದುದು ಅದರ ರೋಧವನ್ನು. ವಿದ್ಯುತ್ತು ಹರಿಯುವಾಗ ಪ್ರತಿಯೊಂದು ತಂತಿಯೂ ಅದನ್ನು ಅಷ್ಟಿಷ್ಟು ತಡೆಯುತ್ತದೆ. ಈ ತಡೆಯೇ ರೋಧ. ಓಮ್ ಅದರ ಮಾನ. ತಂತಿ ಉದ್ದವಾದಷ್ಟೂ ರೋಧ ಹೆಚ್ಚುತ್ತದೆ, ದಪ್ಪವಾದಷ್ಟೂ ತಗ್ಗುತ್ತದೆ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತವುಳ್ಳ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.017 ಓಮ್ ರೋಧ. ಸ್ಪೀಕರು 10 ಮೀಟರ್ ದೂರದಲ್ಲಿದ್ದರೆ, ಹೋಗುವ ತಂತಿ, ಬರುವ ತಂತಿ ಸೇರಿ 20 ಮೀಟರ್. ಒಟ್ಟು ರೋಧ 0.34 ಓಮ್. ಇದು ಸ್ಪೀಕರಿನ ಬೆನ್ನಿನ ಮೇಲೆ ಬರೆದಿರುವ ಓಮ್ ಸಂಖ್ಯೆಯ ಶೇಕಡಾ 5ನ್ನು ಮೀರದಿದ್ದರೆ ಸಾಕೆಂಬುದು ಬಳಕೆಯ ನಿಯಮ. 8 ಓಮ್ ಸ್ಪೀಕರಿಗೆ ಮಿತಿ 0.4, ಆದುದರಿಂದ ಈ ತಂತಿ ಸಾಲುತ್ತದೆ. 4 ಓಮ್ ಸ್ಪೀಕರಿಗೆ ಮಿತಿ 0.2, ಅಲ್ಲಿ 2.5 ಚದರ ಮಿಲಿಮೀಟರಿನ ತಂತಿಯನ್ನು ಬಳಸುವುದು ಲೇಸು. ತಾಮ್ರದ ಲೇಪವಷ್ಟೇ ಇರುವ ಅಲ್ಯೂಮಿನಿಯಂ ತಂತಿಯ ರೋಧ ಹೆಚ್ಚು, ಕೊಳ್ಳುವಾಗ ಎಚ್ಚರವಿರಬೇಕು. ಇಷ್ಟು ಸರಿಯಾದ ಮೇಲೆ ತೆರುವ ಹೆಚ್ಚಿನ ಹಣ ಹೊದಿಕೆಯ ಅಂದಕ್ಕೆ ಸಲ್ಲುತ್ತದೆಯೇ ಹೊರತು ಹಾಡಿನ ಇಂಪಿಗಲ್ಲ.

ಜೋಡಿಸುವ ಮುನ್ನ ಯಂತ್ರದ ವಿದ್ಯುತ್ ಸಂಪರ್ಕವನ್ನು ತಪ್ಪಿಸಬೇಕು. ತಂತಿಯ ತುದಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಹೊದಿಕೆಯನ್ನು ಸುಲಿದು, ಒಳಗಿನ ಎಳೆಗಳನ್ನು ಬಿಗಿಯಾಗಿ ಹೊಸೆಯಬೇಕು. ಬಿಡಿ ಎಳೆಯೊಂದು ಪಕ್ಕದ ತಂತಿಗೆ ತಗುಲಿದರೂ ಆಂಪ್ಲಿಫೈಯರ್ ಕೆಡಬಹುದು. ಆಂಪ್ಲಿಫೈಯರಿನ ಕೆಂಪು ತುದಿ ಸ್ಪೀಕರಿನ ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಬೇಕು. ಒಂದು ಸ್ಪೀಕರಿನಲ್ಲಿ ಮಾತ್ರ ಇದು ಅದಲುಬದಲಾದರೆ, ಒಂದರ ಪರದೆ ಮುಂದಕ್ಕೆ ಚಲಿಸುವಾಗ ಇನ್ನೊಂದರದು ಹಿಂದಕ್ಕೆ ಸರಿಯುತ್ತದೆ. ಆಗ ಮೃದಂಗದ ಗಂಭೀರನಾದ ಸೊರಗುತ್ತದೆ. ನಡುವೆ ಕುಳಿತು ಹಾಡಿದಂತೆ ಕೇಳಬೇಕಾದ ಗಾಯಕನ ದನಿ ನೆಲೆ ತಪ್ಪುತ್ತದೆ. ತುದಿಗಳನ್ನು ಸರಿಯಾಗಿ ಸೇರಿಸಿದೊಡನೆ, ಒಂದು ಕಾಸಿನ ಖರ್ಚೂ ಇಲ್ಲದೆ, ಹಾಡು ತನ್ನ ನೆಲೆಗೆ ಮರಳುತ್ತದೆ.

ಉದ್ದವನ್ನು ಅಳೆದು, ದಪ್ಪವನ್ನು ಕೇಳಿ, ಬಣ್ಣವನ್ನು ನೋಡಿ ಜೋಡಿಸುವಷ್ಟು ವಿಜ್ಞಾನ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೂ ಎಟುಕುತ್ತದೆ. ಮನೆಯವರು ಬೆವರು ಸುರಿಸಿ ಗಳಿಸಿದ ಹಣವನ್ನು ಉಳಿಸಲು ಅಷ್ಟೇ ಸಾಕು.