ಕೂಸು ಹುಟ್ಟುವ ಮುನ್ನ ಕುಲಾವಿ

ಆತುರಗಾರರನ್ನು ಹಾಸ್ಯ ಮಾಡಲು ನಮ್ಮಲ್ಲಿ ಒಂದು ಗಾದೆಯಿದೆ: ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ. ಗಾದೆಯ ನಗೆಯ ಹಿಂದೆ ಒಂದು ಅಂಜಿಕೆಯೂ ಅಡಗಿದೆ. ಹುಟ್ಟಿದ ಕೂಸುಗಳಲ್ಲಿ ಅನೇಕವು ಉಳಿಯದಿದ್ದ ಕಾಲದಲ್ಲಿ, ಹೊಲಿಸಿಟ್ಟ ಕುಲಾವಿಯನ್ನು ಮತ್ತೆ ಪೆಟ್ಟಿಗೆಗೆ ಸೇರಿಸುವ ಸಂಕಟ ಯಾವ ತಾಯಿಗೂ ಬಾರದಿರಲೆಂದು ಹಿರಿಯರು ಮುಂಚಿತವಾದ ಸಿದ್ಧತೆಯನ್ನೇ ಅಪಶಕುನವೆಂದು ಭಾವಿಸಿದರು. ಆ ಅಂಜಿಕೆ ಅರ್ಥವಾಗದ್ದಲ್ಲ. ಆದರೆ ಅದೇ ಕಾರಣದಿಂದ ಇಂದಿಗೂ ಎಷ್ಟೋ ಮನೆಗಳಲ್ಲಿ, ನಡುರಾತ್ರಿ ನೋವು ಕಾಣಿಸಿಕೊಂಡ ಮೇಲೆ ಕಪಾಟಿನ ಬೀಗದ ಕೈಗಾಗಿ ಹುಡುಕಾಟ ಆರಂಭವಾಗುತ್ತದೆ.

ಹಿಂದೆ ಹೆರಿಗೆಗೆ ಚೀಲದ ಅಗತ್ಯವಿರಲಿಲ್ಲ. ಬಸುರಿ ಎಲ್ಲಿಗೂ ಹೋಗುತ್ತಿರಲಿಲ್ಲ. ಸೂಲಗಿತ್ತಿಯೇ ಮನೆಗೆ ಬರುತ್ತಿದ್ದಳು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಸುಮಾರು 15,000 ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಇಂದು ಆ ಲೋಕ ಬಹುಮಟ್ಟಿಗೆ ಮರೆಯಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದವು. ಮನೆಯ ಹೊಸ್ತಿಲು ದಾಟಿ ಹೋಗಬೇಕಾದ ಮೇಲೆ, ಮನೆಯಲ್ಲಿ ಕೈಗೆಟಕುತ್ತಿದ್ದ ಸಾಮಗ್ರಿಯೂ ಜೊತೆಯಲ್ಲಿ ಹೋಗಬೇಕಷ್ಟೆ.

ಬಾಣಂತಿಯರ ಸಾವಿಗೆ ಕಾರಣಗಳನ್ನು ವಿವೇಚಿಸುತ್ತ ಥಡಿಯಸ್ ಮತ್ತು ಮೇಯ್ನ್ ಎಂಬ ಇಬ್ಬರು ವಿದ್ವಾಂಸರು 1994ರಲ್ಲಿ ಮೂರು ವಿಳಂಬಗಳನ್ನು ಗುರುತಿಸಿದರು. ಹೊರಡೋಣವೆಂದು ನಿರ್ಧರಿಸುವಲ್ಲಿ ಆಗುವ ತಡ ಮೊದಲನೆಯದು. ಆಸ್ಪತ್ರೆ ತಲುಪುವಲ್ಲಿ ಆಗುವುದು ಎರಡನೆಯದು. ತಲುಪಿದ ಮೇಲೆ ತಕ್ಕ ಚಿಕಿತ್ಸೆ ದೊರೆಯುವಲ್ಲಿ ಆಗುವುದು ಮೂರನೆಯದು. ಮೂರನೆಯದನ್ನು ನೀಗಿಸುವುದು ಆಸ್ಪತ್ರೆಯ ಹೊಣೆ. ಮೊದಲೆರಡನ್ನು ಕಡಮೆ ಮಾಡುವುದರಲ್ಲಿ ಮನೆಯವರ ಪಾಲು ದೊಡ್ಡದು. ಮೂಲೆಯಲ್ಲಿ ಸಿದ್ಧವಾಗಿರುವ ಒಂದು ಚೀಲ ಆ ಪಾಲಿನ ಗುರುತು.

ಚೀಲವನ್ನು ಯಾವಾಗ ಕಟ್ಟಬೇಕು? ವೈದ್ಯರು ಬರೆದುಕೊಡುವ ದಿನಾಂಕ ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನಗಳ ಲೆಕ್ಕ. ಕೂಸು ಆ ಲೆಕ್ಕಕ್ಕೆ ಕಟ್ಟುಬಿದ್ದಿಲ್ಲ. ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು ಬಹಳ ಕಡಮೆ. 37 ವಾರ ತುಂಬಿದ ಮೇಲೆ ಯಾವ ದಿನವಾದರೂ ಹೆರಿಗೆಯಾಗಬಹುದು. ಕೆಲವೊಮ್ಮೆ ಅದಕ್ಕೂ ಮುಂಚೆಯೇ. ಆದ್ದರಿಂದ ಎಂಟು ತಿಂಗಳು ತುಂಬುವುದರೊಳಗೆ ಚೀಲ ಸಿದ್ಧವಿರುವುದು ಲೇಸು.

ಚೀಲದ ಎಲ್ಲಕ್ಕಿಂತ ಮೇಲಿನ ಅರೆಯಲ್ಲಿ ಬಟ್ಟೆಯಲ್ಲ, ಕಾಗದಗಳಿರಬೇಕು. ತಾಯಿ ಕಾರ್ಡು, ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗಿನ ವರದಿಗಳು, ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು. ಹೊಸ ವೈದ್ಯರಿಗೆ ಆ ಕಾಗದಗಳೇ ಬಸುರಿಯ ಒಂಬತ್ತು ತಿಂಗಳ ಚರಿತ್ರೆ. ಅವಳ ರಕ್ತದ ಗುಂಪು ಯಾವುದು, ರಕ್ತಹೀನತೆಯಿತ್ತೇ, ರಕ್ತದೊತ್ತಡ ಏರಿತ್ತೇ, ಹಿಂದಿನ ಹೆರಿಗೆ ಶಸ್ತ್ರಕ್ರಿಯೆಯಿಂದ ಆದುದೇ ಎಂಬುದನ್ನು ನೋವಿನಲ್ಲಿರುವವಳ ಬಾಯಿಂದ ಕೇಳಿ ತಿಳಿಯಬೇಕಾಗಬಾರದು.

ತಾಯಿಗಾಗಿ ಮುಂಭಾಗದಲ್ಲಿ ಗುಂಡಿಯಿರುವ, ಹಾಲೂಡಲು ಅನುಕೂಲವಾದ ಎರಡು ಮೂರು ಸಡಿಲವಾದ ಹತ್ತಿಯ ಉಡುಪು, ಒಳ ಉಡುಪು, ಹೆರಿಗೆಯ ನಂತರದ ಸ್ರಾವಕ್ಕೆ ದೊಡ್ಡ ಪ್ಯಾಡುಗಳು, ಟವೆಲು, ಸೋಪು, ಬಾಚಣಿಗೆ, ಜಾರದ ಚಪ್ಪಲಿ. ಕುಡಿಯಲು ಫ್ಲಾಸ್ಕು, ಲೋಟ, ಚಮಚ. ಮೊಬೈಲಿನ ಚಾರ್ಜರು, ಸ್ವಲ್ಪ ಚಿಲ್ಲರೆ ಹಣ. ಒಡವೆ ಮನೆಯಲ್ಲಿಯೇ ಇರಲಿ. ಶಸ್ತ್ರಕ್ರಿಯೆಯಾದರೆ ಅದನ್ನು ಹೇಗೂ ತೆಗೆಯಬೇಕಾಗುತ್ತದೆ.

ಇನ್ನು ಕೂಸಿನ ಪಾಲು. ಒದ್ದೆಯಾದ ಮೈಯಲ್ಲಿ ಅದು ಬೆಚ್ಚನೆಯ ಗರ್ಭದಿಂದ ತಂಪಾದ ಕೋಣೆಗೆ ಬರುತ್ತದೆ. ಮೈಮೇಲಿನ ನೀರು ಆರುವಾಗ ಶಾಖವನ್ನೂ ಒಯ್ಯುತ್ತದೆ. ಶಿಶುವಿನ ತಲೆ ಮೈಯ ಅಳತೆಗೆ ದೊಡ್ಡದಾದುದರಿಂದ ಅಲ್ಲಿಂದ ಹೋಗುವ ಶಾಖವೂ ಹೆಚ್ಚು. ಆದ್ದರಿಂದಲೇ ಒರೆಸಲು ಮೆತ್ತನೆಯ ಬಟ್ಟೆ, ತಲೆಗೆ ಕುಲಾವಿ, ಸುತ್ತಲು ದುಪ್ಪಟಿ. ಅಜ್ಜಿಯ ಹಳೆಯ ಸೀರೆಯ ತುಂಡುಗಳಿಗಿಂತ ಇದಕ್ಕೆ ಮಿಗಿಲಾದುದಿಲ್ಲ. ಅವುಗಳನ್ನು ಚೆನ್ನಾಗಿ ಒಗೆದು ಬಿಸಿಲಿನಲ್ಲಿ ಒಣಗಿಸಿರಬೇಕು, ಅಷ್ಟೆ. ತಾಯಿಯ ಎದೆಗೆ ಮೈ ತಾಗಿಸಿ ಮಲಗಿಸಿದರೆ ಅದಕ್ಕಿಂತ ಬೆಚ್ಚನೆಯ ಹೊದಿಕೆ ಬೇರೊಂದಿಲ್ಲ. ಮೊದಲ ಸ್ನಾನವನ್ನು ಒಂದು ದಿನವಾದರೂ ತಡಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಈ ಶಾಖದ ಕಾರಣಕ್ಕೇ.

ಚೀಲದಲ್ಲಿ ಇರಬಾರದ ವಸ್ತುಗಳೂ ಉಂಟು. ಜೇನಿನ ಸೀಸೆ, ಸಕ್ಕರೆ ನೀರು, ಹಾಲಿನ ಪುಡಿ, ಕಾಡಿಗೆಯ ಕರಡಿಗೆ ಮನೆಯಲ್ಲೇ ಉಳಿಯಲಿ. ಜೇನು ಒಂದು ವರ್ಷದೊಳಗಿನ ಮಗುವಿಗೆ ಅಪಾಯ ತರಬಲ್ಲುದು. ಹುಟ್ಟಿದ ಒಂದು ಗಂಟೆಯೊಳಗೆ ಸಿಗಬೇಕಾದುದು ತಾಯಿಯ ಹಾಲು. ಹಳದಿಯಾಗಿದೆಯೆಂದು ಹಿಂಡಿ ಚೆಲ್ಲುತ್ತಿದ್ದ ಆ ಮೊದಲ ಹಾಲೇ ರೋಗವನ್ನು ತಡೆಯುವ ಶಕ್ತಿಯನ್ನು ಕೂಸಿಗೆ ಕೊಡುವಂಥದು.

ಚೀಲಕ್ಕೆ ಹಿಡಿಸದ ಸಿದ್ಧತೆಗಳು ಇನ್ನೂ ಮುಖ್ಯವಾದವು. ಯಾವ ಆಸ್ಪತ್ರೆ, ಯಾವ ವಾಹನ, ಜೊತೆಗೆ ಯಾರು, ಅಗತ್ಯ ಬಿದ್ದರೆ ರಕ್ತ ಕೊಡುವವರು ಯಾರು, ಮನೆಯಲ್ಲಿ ಉಳಿಯುವ ಹಿರಿಯ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಮೊದಲೇ ಮಾತಾಡಿಕೊಂಡಿರಬೇಕು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಶಸ್ತ್ರಕ್ರಿಯೆ, ಔಷಧ, ರಕ್ತ, ಊಟ ಮತ್ತು ಸಾಗಾಟವನ್ನು ಉಚಿತವೆಂದು ಸಾರಿತು. ಈ ತಿಳಿವಳಿಕೆಯೂ ಗಂಟಿನಲ್ಲಿರಬೇಕಾದ ವಸ್ತುವೇ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ರಕ್ತ ಹೋಗತೊಡಗಿದರೆ, ನೀರು ಒಡೆದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಕೂಸಿನ ಅಲುಗಾಟ ಕಡಮೆಯಾದರೆ, ಚೀಲಕ್ಕಾಗಿ ಒಂದು ನಿಮಿಷವೂ ನಿಲ್ಲಬಾರದು. ಚೀಲ ಹಿಂದೆ ಬರುತ್ತದೆ. ಮೊದಲು ತಾಯಿ ಹೊರಡಲಿ.

1938ರಲ್ಲಿ ಫಿನ್ಲೆಂಡ್ ಬಡ ತಾಯಂದಿರಿಗೆ ಕೂಸಿನ ಬಟ್ಟೆಬರೆಯ ಪೆಟ್ಟಿಗೆ ಕೊಡತೊಡಗಿತು. 1949ರಿಂದ ಅದು ಎಲ್ಲ ತಾಯಂದಿರ ಹಕ್ಕಾಯಿತು. ಕರ್ನಾಟಕ ಸರ್ಕಾರ 2007ರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಹೊದಿಕೆ, ಸೊಳ್ಳೆಪರದೆ, ಸೋಪು, ಕೂಸಿನ ಉಡುಪುಗಳ ಗಂಟನ್ನು ಕೊಡಲು ತೊಡಗಿದಾಗ ಅದಕ್ಕೆ ‘ಮಡಿಲು’ ಎಂದು ಹೆಸರಿಟ್ಟಿತು. ಹೆಸರಿಟ್ಟವರು ಭಾಷೆಯ ಮರ್ಮ ಬಲ್ಲವರಿರಬೇಕು. ಮಡಿಲೆಂದರೆ ಕೂಸು ಮಲಗುವ ತೊಡೆಯೂ ಹೌದು, ಬಸುರಿಗೆ ತವರಿನವರು ಅಕ್ಕಿ, ಕೊಬ್ಬರಿ, ಬೆಲ್ಲ ತುಂಬುವ ಸೆರಗೂ ಹೌದು. ಮಡಿಲು ತುಂಬುವುದೆಂದರೆ ಬರಲಿರುವ ಜೀವಕ್ಕೆ ಮುಂಚಿತವಾಗಿಯೇ ಸ್ವಾಗತ ಹೇಳುವುದಲ್ಲದೆ ಮತ್ತೇನು? ಅದನ್ನು ಶುಭವೆಂದು ಒಪ್ಪಿದ ನಾವು ಕುಲಾವಿಯೊಂದನ್ನು ಅಪಶಕುನವೆನ್ನಬೇಕಾಗಿಲ್ಲ.

ಗಾದೆ ತನ್ನ ಕೆಲಸ ಮಾಡಿಕೊಂಡಿರಲಿ. ಕುಲಾವಿ ಮಾತ್ರ ಕೂಸಿಗಿಂತ ಮೊದಲೇ ಸಿದ್ಧವಾಗಿರಲಿ.